ಹಳೇ ಮನೆ ನವೀಕರಣ: ಇದ್ದಂತೆ ಉಳಿಸೋದಾ, ಹಿಂದಿನ ರೂಪಕ್ಕೆ ತರೋದಾ, ಇವತ್ತಿಗೆ ಹೊಂದಿಸೋದಾ?

ಹಳೇ ಮನೆಯನ್ನು ಕೆಡಿಸಬೇಕು ಅಂತ ಯಾರೂ ಕೈ ಹಾಕುವುದಿಲ್ಲ. ಚೆಂದ ಮಾಡಬೇಕು ಅಂತಲೇ ಶುರು ಮಾಡುತ್ತಾರೆ. ಗಾರೆ ಕಿತ್ತು ಒಳಗಿನ ಇಟ್ಟಿಗೆ ತೋರಿಸೋಣ, ಬಾಗಿಲಿನ ಬಣ್ಣ ಕೆರೆದು ಮರ ತೋರಿಸೋಣ, ನಡುಗೋಡೆ ತೆಗೆದು ಬೆಳಕು ತರೋಣ. ಈ ಮೂರು ಮಾತು ಆಡುವವರು ಹಳೇ ಮನೆಯನ್ನು ಇಷ್ಟಪಡುವವರೇ. ಆದರೆ ಹಳೇ ಮನೆಗಳಿಗೆ ದೊಡ್ಡ ಏಟು ಬಿದ್ದಿರುವುದು ಈ ಮೂರರಿಂದಲೇ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಕಡೆ, ಕಣ್ಣಿಗೆ ಹಿಡಿಸದ ಕೆಲವು ಕೆಲಸಗಳಿವೆ. ಮರದ ಹಲಗೆ ನೆಲದ ಮೇಲೆ ಸುಮ್ನೆ ಹಾಸಿದ ಲಿನೋಲಿಯಂ, ಚಾವಣಿಯ ಕೆಳಗೆ ತೂಗುಹಾಕಿದ ಫಾಲ್ಸ್ ಸೀಲಿಂಗ್, ಗೋಡೆಗೆ ಬಡಿದ ಪ್ಲೈವುಡ್. ನೋಡಿದರೆ ಮುಖ ಸಿಂಡರಿಸುವಂತಿರುತ್ತವೆ. ಆದರೆ ತೆಗೆದು ನೋಡಿದರೆ ಕೆಳಗೆ ಮೂಲ ನೆಲ, ಮೂಲ ಅಂಚುಪಟ್ಟಿ, ಮೂಲ ಗಾರೆ ಹಾಗೇ ಉಳಿದಿರುತ್ತವೆ. ನಾಲ್ಕು ಮೊಳೆ ರಂಧ್ರ ಮುಚ್ಚಿದರೆ ಮುಗಿಯಿತು.

ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ "ಯಾವುದು ಚೆಂದ" ಅಂತ ನಾನು ಕೇಳುತ್ತಿಲ್ಲ. ಕೇಳುವುದು ಎರಡೇ. ಇದನ್ನು ಮುಂದೆ ಯಾರಾದರೂ ತೆಗೆದರೆ ಹಿಂದಿದ್ದದ್ದು ವಾಪಸ್ ಸಿಗುತ್ತದೆಯೇ? ಹೊಸದಾಗಿ ಬರುವ ವಸ್ತು ಹಳೇ ಗೋಡೆಯ ಜೊತೆ, ಹಳೇ ಮರದ ಜೊತೆ ಹೊಂದಿಕೊಂಡು ನಡೆಯುತ್ತದೆಯೇ?

ಮೊದಲು ದಾರಿ ಯಾವುದು ಅಂತ ನಿರ್ಧರಿಸಿ

ಮೇಸ್ತ್ರಿಯನ್ನು ಕರೆಸುವ ಮೊದಲೇ ಇದು ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಒಂದು ಕೋಣೆ ಒಂದು ದಾರಿ, ಇನ್ನೊಂದು ಕೋಣೆ ಇನ್ನೊಂದು ದಾರಿ ಹಿಡಿಯುತ್ತದೆ.

ಒಂದು ದಾರಿ, ಇದ್ದದ್ದನ್ನು ಇದ್ದ ಹಾಗೇ ಉಳಿಸುವುದು. ಸೋರುವುದನ್ನು ನಿಲ್ಲಿಸು, ಕೊಳೆತದ್ದನ್ನು ಮಾತ್ರ ಬದಲಿಸು, ಉಳಿದದ್ದನ್ನು ಮುಟ್ಟಬೇಡ. ಇದರ ತುತ್ತತುದಿಯ ಉದಾಹರಣೆ ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿರುವ ಡ್ರೇಟನ್ ಹಾಲ್. 18ನೇ ಶತಮಾನದ ಈ ಮನೆ 1974ರಲ್ಲಿ ಸಂರಕ್ಷಣಾ ಸಂಸ್ಥೆಯ ಕೈಗೆ ಬಂತು. ಅವರು ಪೀಠೋಪಕರಣ ತುಂಬಲಿಲ್ಲ, ಹೊಸ ಬಣ್ಣ ಬಳಿಯಲಿಲ್ಲ, ಮನೆಯೊಳಗೆ ನಲ್ಲಿ, ವಿದ್ಯುತ್ ತರಲಿಲ್ಲ. ಆ ಮನೆತನದ ಮಕ್ಕಳ ಎತ್ತರ ಗುರುತು ಹಾಕಿದ ಗೆರೆಗಳು ಈಗಲೂ ಅಲ್ಲಿವೆ. ಯಾರೂ ವಾಸ ಮಾಡದ ಮನೆಗೆ ಇದು ಸರಿ. ಅಡುಗೆ, ಸ್ನಾನ, ಮಕ್ಕಳ ಓದು ಎಲ್ಲಾ ನಡೆಯಬೇಕಾದ ಮನೆಗೆ ಅಷ್ಟು ಕಟ್ಟುನಿಟ್ಟು ಆಗುವುದಿಲ್ಲ. ಆದರೂ ಹಿಂದಿನವರು ಜಾಸ್ತಿ ಕೈ ಹಾಕದ ಮನೆ ನಿಮಗೆ ಸಿಕ್ಕಿದ್ದರೆ, ನೀವು ಆರಿಸಬೇಕಾದ್ದು ಇದೇ ದಾರಿ. ಕಡಿಮೆ ಕೆಲಸ, ಕಡಿಮೆ ಪಶ್ಚಾತ್ತಾಪ.

ಎರಡನೇ ದಾರಿ, ಯಾವುದೋ ಒಂದು ಕಾಲದ ರೂಪಕ್ಕೆ ವಾಪಸ್ ತರುವುದು. ಕೇಳಲು ಇದೇ ಅತ್ಯಂತ ಶುದ್ಧ ಅನ್ನಿಸುತ್ತದೆ. ಆದರೆ ಅತಿ ಹೆಚ್ಚು ಕಿತ್ತುಹಾಕುವುದು ಈ ದಾರಿಯಲ್ಲೇ. ಅಮೆರಿಕದ ಅಧ್ಯಕ್ಷರಾಗಿದ್ದ ಜೇಮ್ಸ್ ಮ್ಯಾಡಿಸನ್ ಅವರ ಮನೆ ಮಾಂಟ್‌ಪೀಲಿಯರನ್ನು ನೋಡಿ. 1901ರಲ್ಲಿ ಅದನ್ನು ಕೊಂಡ ಡುಪಾಂಟ್ ಕುಟುಂಬ ಮನೆಯನ್ನು ಬಹಳ ದೊಡ್ಡದು ಮಾಡಿತ್ತು. 2008ಕ್ಕೆ ಮುಗಿದ ಪುನರುಜ್ಜೀವನದಲ್ಲಿ ಆ ಭಾಗಗಳನ್ನೆಲ್ಲ ಕೆಡವಿ, ಮ್ಯಾಡಿಸನ್ ಕಾಲದ ಮನೆಯನ್ನು ಹೊರತೆಗೆದರು. ಡುಪಾಂಟ್ ಕಾಲದ ಒಂದು ಆರ್ಟ್ ಡೆಕೊ (1920–30ರ ದಶಕದ ಅಲಂಕಾರ ಶೈಲಿ) ಕೋಣೆಯೂ ಪ್ರಸಿದ್ಧವಾಗಿತ್ತು. ಅದನ್ನು ಬಿಚ್ಚಿ, ಸಂದರ್ಶಕರ ಕಟ್ಟಡದಲ್ಲಿ ಮತ್ತೆ ಜೋಡಿಸಬೇಕಾಯಿತು. ಮ್ಯಾಡಿಸನ್ ಬೇಕು ಅಂದರೆ ಡುಪಾಂಟ್ ಹೋಗಬೇಕು. ಇಬ್ಬರೂ ಅದೇ ಮನೆಯ ಚರಿತ್ರೆಯವರು, ಅಲ್ವಾ?

ಇನ್ನೂ ತಮಾಷೆಯದು ಅಮೆರಿಕದ ಷಿಕಾಗೊ ಪಕ್ಕದ ಓಕ್ ಪಾರ್ಕಿನಲ್ಲಿರುವ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಮನೆ. ಅವರು ಅದನ್ನು ಕಟ್ಟಿದ್ದು 1889ರಲ್ಲಿ. ಆಮೇಲೆ ಮನೆ ಹಲವು ರೂಪ ಬದಲಿಸಿತು, ರೈಟ್ ಅವರೇ ಬದಲಿಸಿದ್ದೂ ಉಂಟು. 1970–80ರ ದಶಕದಲ್ಲಿ ಅದನ್ನು 1909ರ ರೂಪಕ್ಕೆ ತಂದರು. ಅಂದರೆ ಆಮೇಲಿನ ಬದಲಾವಣೆಗಳಿಗೆ ಅಲ್ಲಿ ಜಾಗ ಇರಲಿಲ್ಲ, ಅವು ರೈಟ್ ಅವರದ್ದೇ ಆಗಿದ್ದರೂ. ಹೀಗೆ ಒಂದು ಇಸವಿ ಆರಿಸಿಕೊಂಡರೆ ಉಳಿದ ಇಸವಿಗಳೆಲ್ಲ ಕಸದ ಲಾರಿ ಹತ್ತುತ್ತವೆ. ಅದಕ್ಕೇ ಈ ದಾರಿ ಹಿಡಿಯುವವರ ಕೈಯಲ್ಲಿ ಗಟ್ಟಿ ದಾಖಲೆ ಇರಬೇಕು: ಹಳೇ ಫೋಟೊ, ನಕ್ಷೆ, ಗೋಡೆಯಲ್ಲಿ ಉಳಿದ ಗುರುತು, ಬಣ್ಣದ ಪದರ. ಹಳೇ ಕಟ್ಟಡ ಉಳಿಸುವ ಬಗ್ಗೆ ಹಲವು ದೇಶಗಳ ತಜ್ಞರು ರೂಪಿಸಿದ 1964ರ ವೆನಿಸ್ ಸನ್ನದು ಇದನ್ನು ನೇರವಾಗಿ ಹೇಳುತ್ತದೆ: ಊಹೆ ಶುರುವಾಗುವ ಜಾಗದಲ್ಲಿ ಕೆಲಸ ನಿಲ್ಲಬೇಕು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಊಹೆ ಮಾತ್ರ. "ಆ ಕಾಲದಲ್ಲಿ ಹೀಗೇ ಇದ್ದಿರಬೇಕು" ಅಂತ ಸಾದಾ ಕಂಬಕ್ಕೆ ಕೆತ್ತನೆ ಅಂಟಿಸುವುದು, ಎಂದೂ ಇಲ್ಲದಿದ್ದ ಲಾಂದ್ರ ತೂಗುಹಾಕುವುದು ಈ ಊಹೆಯ ಫಲ. ಸರಳವಾಗಿ ಕಟ್ಟಿದ ಮನೆಗೆ ಅದರ ಸರಳತೆಯೇ ಗುಣ.

ಮೂರನೇ ದಾರಿ, ಮನೆಯನ್ನು ಇವತ್ತಿನ ಬದುಕಿಗೆ ಹೊಂದಿಸುವುದು. ಮುಖ್ಯ ಭಾಗಗಳನ್ನು ಉಳಿಸಿಕೊಂಡು, ಬೇಕಾದ ಸೌಕರ್ಯ ಸೇರಿಸುವುದು. ವಾಸದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಇದೇ ದಾರಿ ಹಿಡಿಯುತ್ತವೆ ಅಂದರೆ ಉತ್ಪ್ರೇಕ್ಷೆ ಏನಲ್ಲ. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ರೂಪುಗೊಂಡ, ಇಂಥದ್ದೇ ಇನ್ನೊಂದು ಸನ್ನದಾದ ಬರ್ರಾ ಸನ್ನದಿನ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಬೇಕಾದಷ್ಟು ಮಾಡಿ, ಆದರೆ ಆದಷ್ಟು ಕಡಿಮೆ ಬದಲಿಸಿ. ಈ ಲೇಖನದ ಉಳಿದ ಭಾಗ ಬಹುತೇಕ ಈ ದಾರಿಯವರಿಗಾಗಿ.

ನಾಲ್ಕನೆಯದು, ಮುಂದಿನ ಗೋಡೆ ಮಾತ್ರ ನಿಲ್ಲಿಸಿ ಹಿಂದೆ ಎಲ್ಲವನ್ನೂ ಹೊಸದಾಗಿ ಕಟ್ಟುವುದು. ಇದನ್ನು ಸಂರಕ್ಷಣೆ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ. ಬೀದಿಗೆ ಒಂದು ಹಳೇ ಮುಖ ಉಳಿಯುತ್ತದೆ, ಮನೆ ಉಳಿಯುವುದಿಲ್ಲ. ಬೆಂಕಿಯಲ್ಲಿ ಒಳಭಾಗ ಪೂರ್ತಿ ಹೋಗಿದ್ದರೆ, ಚಾವಣಿ ಕುಸಿದಿದ್ದರೆ, ಆಗ ಮಾತ್ರ ಇದರ ಮಾತು. ಆಗಲೂ ಇದಕ್ಕಿಂತ ಒಳ್ಳೇ ಉದಾಹರಣೆ ಇದೆ. ಇಂಗ್ಲೆಂಡಿನ ಆಸ್ಟ್ಲಿ ಕಾಸಲ್ ಬೆಂಕಿಗೆ ಸಿಕ್ಕಿ ಹಾಳುಬಿದ್ದಿತ್ತು. ಪಾಳು ಗೋಡೆಗಳನ್ನು ಹಾಗೇ ಹಿಡಿದುಕೊಂಡು, ಅವುಗಳ ನಡುವೆ ಹೊಸ ಇಟ್ಟಿಗೆಯಲ್ಲಿ ಮನೆ ಸೇರಿಸಿದರು. ಯಾವುದು ಹಳೆಯದು, ಯಾವುದು ಹೊಸದು ಅಂತ ಮಗುವಿಗೂ ಗೊತ್ತಾಗುತ್ತದೆ. ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಸ್ಟರ್ಲಿಂಗ್ 2013ರಲ್ಲಿ ಅದಕ್ಕೆ ಬಂತು.

ಗೋಡೆ: ಸುಣ್ಣವೋ ಸಿಮೆಂಟೋ

ಈ ಒಂದು ಆಯ್ಕೆಗೆ ಜಾಸ್ತಿ ಸಮಯ ಕೊಡಿ. ಬಣ್ಣ ತಪ್ಪಾದರೆ ಮುಂದಿನ ವರ್ಷ ಬದಲಿಸಬಹುದು. ಗೋಡೆಗೆ ತಪ್ಪು ಗಾರೆ ಬಿದ್ದರೆ ಇಟ್ಟಿಗೆಯೇ ಹೋಗುತ್ತದೆ.

ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಮನೆ ಕಟ್ಟುವ ಕೆಲಸಕ್ಕೆಲ್ಲ ಹಬ್ಬಿದ್ದು ಅದಕ್ಕಿಂತ ಬಹಳ ತಡವಾಗಿ. ಅದಕ್ಕೆ ಮೊದಲಿನ ಕಲ್ಲು, ಇಟ್ಟಿಗೆ ಮನೆಗಳನ್ನು ಸುಣ್ಣ ಅಥವಾ ಮಣ್ಣಿನಲ್ಲಿ ಕಟ್ಟುತ್ತಿದ್ದರು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಅದು ಕೊರತೆ ಅಲ್ಲ, ಬೇಕಂತಲೇ ಹಾಗೆ. ಮನೆ ಸ್ವಲ್ಪ ಅಲುಗಿದರೆ ಬಿರುಕು ಇಟ್ಟಿಗೆಗಳ ನಡುವಿನ ಸಂದಿನಲ್ಲಿ ಬರುತ್ತದೆ, ಇಟ್ಟಿಗೆಯಲ್ಲಿ ಬರುವುದಿಲ್ಲ. ಸಣ್ಣ ಬಿರುಕಾದರೆ, ಮಳೆ ನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಸಂದನ್ನು ತಾನೇ ಮುಚ್ಚುವುದೂ ಉಂಟು. ಗೋಡೆ ಹೀರಿದ ನೀರು ಸಂದಿನ ಮೂಲಕ ಆರಿ ಹೊರಗೆ ಹೋಗುತ್ತದೆ, ನೀರಿನ ಜೊತೆ ಬಂದ ಉಪ್ಪು ಅಲ್ಲೇ ಪುಡಿಯಾಗಿ ಉದುರುತ್ತದೆ. ಸವೆಯುವುದು ಗಾರೆ, ಉಳಿಯುವುದು ಇಟ್ಟಿಗೆ. ಕೆಲವು ದಶಕಕ್ಕೊಮ್ಮೆ ಸಂದು ತುಂಬಿದರೆ ಸಾಕು.

ಈಗ ಅದೇ ಸಂದಿಗೆ ಸಿಮೆಂಟ್ ತುಂಬಿ ನೋಡಿ. ಸಿಮೆಂಟ್ ಗಟ್ಟಿ, ಬಿಗಿ. ನೀರಿಗೆ ಆ ದಾರಿ ಮುಚ್ಚಿತು. ಅದು ಇಟ್ಟಿಗೆಯ ಮೂಲಕವೇ ಹೊರಬರಬೇಕು. ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳಾಗುತ್ತದೆ, ಮುಖ ಸಿಪ್ಪೆ ಏಳುತ್ತದೆ. ಕೆಲವು ಹಳೇ ಗೋಡೆಗಳಲ್ಲಿ ಸಿಮೆಂಟಿನ ಗೆರೆಗಳು ಜೇನುಗೂಡಿನ ಹಾಗೆ ಮುಂದೆ ಚಾಚಿಕೊಂಡು ನಿಂತಿರುತ್ತವೆ, ಇಟ್ಟಿಗೆಗಳು ಒಳಕ್ಕೆ ಕರಗಿ ಹೋಗಿರುತ್ತವೆ. ಇಂಥ ಗೋಡೆಗೆ ಮದ್ದಿಲ್ಲ, ಇಟ್ಟಿಗೆಯನ್ನೇ ಬದಲಿಸಬೇಕು.

ನಿಮ್ಮ ಮನೆಯಲ್ಲಿ ಇರುವುದು ಯಾವುದು ಅಂತ ಒಂದು ಮೊಳೆ ಹೇಳುತ್ತದೆ. ಸಂದಿನ ಮೇಲೆ ಗೀರಿ. ಬಿಳಿ ಪುಡಿ ಸುಲಭವಾಗಿ ಉದುರಿ, ಮೊಳೆ ಒಳಗೆ ಇಳಿದರೆ ಬಹುಶಃ ಸುಣ್ಣ. ಬೂದು ಬಣ್ಣವಿದ್ದು, ಮೊಳೆ ಸುಮ್ನೆ ಜಾರಿದರೆ ಸಿಮೆಂಟ್. ಒಂದೇ ಕಡೆ ನೋಡಬೇಡಿ. ನೆಲದ ಹತ್ತಿರ, ಕಿಟಕಿಯ ಕೆಳಗೆ, ಸೂರಿನ ಕೆಳಗೆ ನೋಡಿ, ಹಿಂದಿನವರು ತೇಪೆ ಹಾಕಿದ್ದು ಇಲ್ಲೆಲ್ಲ ಸಿಗುತ್ತದೆ.

ಸುಣ್ಣದ ಕಷ್ಟಗಳನ್ನೂ ಹೇಳಬೇಕು. ಅದು ನಿಧಾನ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಗಟ್ಟಿಯಾಗಬೇಕು, ಅದಕ್ಕೆ ವಾರಗಟ್ಟಲೆ ತೇವ, ನೆರಳು ಬೇಕು. ಸುಡುಬಿಸಿಲಿನಲ್ಲಿ, ಹಿಮ ಬೀಳುವ ಚಳಿಯಲ್ಲಿ ಮಾಡಿದರೆ ಪುಡಿಯಾಗುತ್ತದೆ. ಕೆಲಸ ಗೊತ್ತಿರುವ ಕೈಗಳು ಕಡಿಮೆ. ಅದಕ್ಕೇ ಎಷ್ಟೋ ಮೇಸ್ತ್ರಿಗಳು "ಸುಣ್ಣಕ್ಕೆ ಒಂದು ಬಾಂಡ್ಲಿ ಸಿಮೆಂಟ್ ಸೇರಿಸೋಣ, ಬೇಗ ಹಿಡಿಯುತ್ತೆ" ಅನ್ನುತ್ತಾರೆ. ಬೇಡ ಅನ್ನಿ. ಹಾಗೆ ಮಾಡಿದರೆ ಸುಣ್ಣದ ಗುಣವೂ ಕೆಡುತ್ತದೆ, ಸಿಮೆಂಟಿನ ಬಲವೂ ಸಿಗುವುದಿಲ್ಲ. ನೀರಿನ ಜಾಗಕ್ಕೆ ಬೇಗ ಗಟ್ಟಿಯಾಗುವುದು ಬೇಕಾದರೆ ನೀರಿನಲ್ಲೇ ಗಟ್ಟಿಯಾಗುವ ಸುಣ್ಣದ ಬಗೆಗಳಿವೆ. ಅವನ್ನು ಬಳಸಬಹುದು.

ಮನೆಗೆ ಆಗಲೇ ಸಿಮೆಂಟ್ ಗಾರೆ ಬಳಿದಿದ್ದರೆ? ಎಲ್ಲವನ್ನೂ ಒಡೆಯಲು ಹೊರಡಬೇಡಿ. ಬಿಗಿಯಾಗಿ ಹಿಡಿದ ಸಿಮೆಂಟ್ ಏಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಪೊಳ್ಳು ಶಬ್ದ ಬರುವ ಜಾಗ ತೆಗೆಯಿರಿ, ಉಳಿದದ್ದು ತಾನೇ ಬಿಡುವವರೆಗೆ ಕಾಯಿರಿ. ಗೋಡೆ ಒದ್ದೆ ಅಂತ ಸಿಮೆಂಟ್ ಬಳಿಯುವ ಮೊದಲಂತೂ ಹೊರಗೆ ಹೋಗಿ ನೋಡಿ. ಸೂರಿನ ಮಳೆನೀರು ಹರಿಯುವ ದೋಣಿ ಒಡೆದಿದೆಯಾ? ವರ್ಷ ವರ್ಷ ಮಣ್ಣು ತುಂಬಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯಾ? ಕಾರಣ ಹಾಗೇ ಬಿಟ್ಟು ಮೇಲೆ ಬಿಗಿ ಗಾರೆ ಬಳಿದರೆ ತೇವ ಗೋಡೆಯೊಳಗೇ ಇನ್ನೂ ಮೇಲಕ್ಕೆ ಹತ್ತುತ್ತದೆ.

ಇನ್ನು ಒಳಗಿನ ಗಾರೆ ಕಿತ್ತು ಇಟ್ಟಿಗೆ ತೋರಿಸುವ ಆಸೆ. ಒಳಗೋಡೆಗೆ ಕಡಿಮೆ ಬೆಂದ, ಮೆದು ಇಟ್ಟಿಗೆ ಬಳಸುವ ರೂಢಿ ಇತ್ತು, ಗಾರೆ ಮುಚ್ಚುತ್ತದೆ ಅನ್ನುವ ಧೈರ್ಯದಲ್ಲಿ. ಅದನ್ನು ಬೆತ್ತಲೆ ಮಾಡಿದರೆ ಧೂಳು ಉದುರುತ್ತಲೇ ಇರುತ್ತದೆ. ಹೊರಗಿನ ಇಟ್ಟಿಗೆಯನ್ನು ಮರಳು ಊದಿ ಉಜ್ಜುವುದು ಇನ್ನೂ ಕೆಟ್ಟದ್ದು. ಗೂಡಿನಲ್ಲಿ ಬೆಂದಾಗ ಇಟ್ಟಿಗೆಗೆ ಬರುವ ಗಟ್ಟಿ ಹೊರಪದರ ಒಮ್ಮೆ ಹೋದರೆ ಹೋಯಿತು. ಈ ಕೆರೆಯುವ ಚಟ ಹೊಸದೇನಲ್ಲ. ವಿನ್ಯಾಸಕ, ಕವಿ ವಿಲಿಯಂ ಮಾರಿಸ್ 1877ರಲ್ಲಿ ಇಂಗ್ಲೆಂಡಿನಲ್ಲಿ ಹಳೇ ಕಟ್ಟಡ ಉಳಿಸುವ ಸಂಘ ಕಟ್ಟಿದಾಗ ಅದಕ್ಕೆ ಬಿದ್ದ ಅಡ್ಡಹೆಸರೇ "ಕೆರೆಯಬೇಡಿ" ಅನ್ನುವ ಅರ್ಥದ್ದು.

ಒಳಗೋಡೆಯ ಬಗ್ಗೆ ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಮರದ ಪಟ್ಟಿಯ ಮೇಲೆ ಮೂರು ಪದರ ಬಳಿದ ಹಳೇ ಗಾರೆ ದಪ್ಪ ಇರುತ್ತದೆ, ಹೆಚ್ಚು ಕಡಿಮೆ 20–25 ಮಿಲಿಮೀಟರ್. ಅದನ್ನು ಕಿತ್ತು ಜಿಪ್ಸಂ ಹಲಗೆ ಬಡಿದರೆ ಅದರ ದಪ್ಪ ಸುಮಾರು 12 ಮಿಲಿಮೀಟರ್. ಬಾಗಿಲ ಸುತ್ತಿನ ಮರದ ಪಟ್ಟಿ ಗೋಡೆಯಿಂದ ಆಚೆ ನಿಂತು, ಹಿಂದೆ ಕಪ್ಪು ಸಂದು ಕಾಣುತ್ತದೆ. ಹಳೇ ಗಾರೆಯ ಮೇಲೇ ಹಲಗೆ ಬಡಿದರೆ ಉಲ್ಟಾ: ಪಟ್ಟಿ ಗೋಡೆಯೊಳಗೆ ಮುಳುಗುತ್ತದೆ, ಅದರ ಕೆತ್ತನೆಯ ನೆರಳು ಮಾಯ. ಬಂದವರಿಗೆ "ಏನೋ ಸರಿಯಿಲ್ಲ" ಅನ್ನಿಸುತ್ತದೆ, ಏನು ಅಂತ ಹೇಳಲು ಆಗುವುದಿಲ್ಲ. ಬಿರುಕು ಬಿಟ್ಟ ಹಳೇ ಗಾರೆಯನ್ನು ತಿರುಪು, ಬಿಲ್ಲೆ, ಅಂಟು ಹಾಕಿ ಮತ್ತೆ ಪಟ್ಟಿಗೆ ಹಿಡಿಸಬಹುದು. ಮೊದಲು ಅದನ್ನು ಕೇಳಿ.

ಕಿಟಕಿ: ರಿಪೇರಿಯೋ ಹೊಸದೋ

ಮನೆಯ ಮುಖ ಬದಲಾಗುವುದು ಇಲ್ಲಿ. ಗೋಡೆ, ಬಾಗಿಲು, ಚಾವಣಿ ಎಲ್ಲಾ ಹಾಗೇ ಇಟ್ಟು ಕಿಟಕಿ ಮಾತ್ರ ಬದಲಿಸಿ, ಮನೆ ಕುರುಡಾದ ಹಾಗೆ ಕಾಣುತ್ತದೆ.

ಕಾರಣ ಗಾಜಿನಲ್ಲೂ ಇದೆ, ಮರದಲ್ಲೂ ಇದೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟು ಹಾಳೆ ಮಾಡುವ ವಿಧಾನವನ್ನು ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದು 1959ರಲ್ಲಿ. ಅದಕ್ಕೆ ಮೊದಲು ಗಾಜನ್ನು ಬಾಯಲ್ಲಿ ಊದಿ, ತಟ್ಟೆಯಂತೆ ತಿರುಗಿಸಿಯೋ ಕೊಳವೆ ಮಾಡಿ ಬಿಡಿಸಿಯೋ, ಆಮೇಲೆ ಯಂತ್ರದಲ್ಲಿ ಎಳೆದೋ ಮಾಡುತ್ತಿದ್ದರು. ಅದರಲ್ಲಿ ಅಲೆ ಇರುತ್ತದೆ, ಗುಳ್ಳೆ ಇರುತ್ತದೆ. (ಹಳೇ ಗಾಜು ಕಾಲಾಂತರದಲ್ಲಿ ಕೆಳಗೆ ಹರಿದು ದಪ್ಪವಾಗುತ್ತದೆ ಅನ್ನುವುದು ಸುಳ್ಳು. ದಪ್ಪ, ತೆಳು ಆಗಿದ್ದು ಮಾಡುವಾಗಲೇ.) ಹಳೇ ಕಿಟಕಿಯ ಎದುರು ನಿಂತು ಒಂದು ಹೆಜ್ಜೆ ಆಚೆ ಈಚೆ ಸರಿದು ನೋಡಿ. ಒಂದೊಂದು ಚೌಕದ ಗಾಜೂ ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಕೂತಿರುತ್ತದೆ. ಎದುರಿನ ಮರ ಒಂದರಲ್ಲಿ ಮುರಿದು, ಇನ್ನೊಂದರಲ್ಲಿ ಕೂಡಿ ಅಲುಗಾಡುತ್ತದೆ. ಹೊಸ ಕಿಟಕಿಯಲ್ಲಿ ಒಂದೇ ಕನ್ನಡಿ.

ಮರದ ಅಡ್ಡಪಟ್ಟಿಗಳ ವಿಷಯವೂ ಹೀಗೇ. ಒಳ್ಳೇ ಹಳೇ ಕಿಟಕಿಯಲ್ಲಿ ಅವು 15–20 ಮಿಲಿಮೀಟರ್‌ನಷ್ಟು ಸಪೂರ ಇರುವುದುಂಟು. ಜೋಡಿ ಗಾಜಿನ ತೂಕ, ದಪ್ಪ ಹಿಡಿಯಲು ಅಷ್ಟು ಸಾಲದು. ಹಾಗಾಗಿ ಹೊಸ ಕಿಟಕಿಯ ಪಟ್ಟಿ ದಪ್ಪವಾಗುತ್ತದೆ. ಇಲ್ಲವೇ ದೊಡ್ಡ ಒಂದೇ ಗಾಜಿನ ಮೇಲೆ ಸುಳ್ಳು ಪಟ್ಟಿ ಅಂಟಿಸುತ್ತಾರೆ. ಹತ್ತಿರ ಹೋದರೆ ಪಟ್ಟಿಗೆ ನೆರಳೇ ಇಲ್ಲ.

ಈಗ ಹೋಲಿಸೋಣ. ಹೊಸ ಜೋಡಿ ಗಾಜಿನ ಕಿಟಕಿ ತಕ್ಷಣ ಹಾಯಾಗಿರುತ್ತದೆ: ಗಾಳಿ ನುಗ್ಗುವುದಿಲ್ಲ, ಬಣ್ಣದ ತಲೆನೋವಿಲ್ಲ, ಒಂದೇ ದಿನದಲ್ಲಿ ಕೂರುತ್ತದೆ. ಆದರೆ ಗಾಜುಗಳ ನಡುವಿನ ಮೊಹರು ಎಂದಾದರೂ ಬಿಡುತ್ತದೆ, ಹೆಚ್ಚಾಗಿ 15–25 ವರ್ಷದಲ್ಲಿ. ಒಳಗೆ ಮಂಜು ಕಟ್ಟಿದರೆ ಒರೆಸಲು ಆಗುವುದಿಲ್ಲ, ಗಾಜಿನ ಜೋಡಿಯನ್ನೇ ಬದಲಿಸಬೇಕು. ಪ್ಲಾಸ್ಟಿಕ್ ಚೌಕಟ್ಟಾದರೆ ಒಂದು ಕೀಲು ಮುರಿದು, ಆ ಮಾದರಿ ನಿಂತುಹೋಗಿದ್ದರೆ ಕಿಟಕಿಯೇ ಕಸ. ಹಳೇ ಮರದ ಕಿಟಕಿಯ ಪ್ರತಿ ತುಂಡೂ ಬಿಡಿಯಾಗಿ ಬಿಚ್ಚುತ್ತದೆ. ಮರವೂ ನಿಧಾನವಾಗಿ ಬೆಳೆದ ಕಾಡಿನ ಮರದ ಚೇಗು, ಒತ್ತೊತ್ತಾದ ಉಂಗುರಗಳದ್ದು. ಅಂಥದ್ದು ಈಗಿನ ಸಾಮಾನ್ಯ ಮರದ ಅಂಗಡಿಯಲ್ಲಿ ಸಿಗುವುದು ಕಷ್ಟ. ಕೊಳೆತಿರುವುದು ಹೆಚ್ಚಾಗಿ ನೀರು ನಿಲ್ಲುವ ಕೆಳಪಟ್ಟಿ, ಹೊಸ್ತಿಲು ಭಾಗ ಮಾತ್ರ. ಅಷ್ಟನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಮರದ ತುಂಡು ಕೂರಿಸುವುದು ಬಡಗಿಗೆ ದೊಡ್ಡ ಕೆಲಸವಲ್ಲ.

"ಆದರೆ ಚಳಿ, ಶಬ್ದ?" ಅಂತೀರಿ. ನ್ಯಾಯವೇ. ಹಳೇ ಕಿಟಕಿಯಲ್ಲಿ ಚಳಿ ಬಹುಪಾಲು ಬರುವುದು ಸಂದಿನಿಂದ. ಸಂದಿಗೆ ಬ್ರಶ್ ಪಟ್ಟಿ, ರಬ್ಬರ್ ಪಟ್ಟಿ ಕೂರಿಸಿ. ಅದೂ ಸಾಲದಿದ್ದರೆ ಒಳಬದಿಯಲ್ಲಿ ಬೇರೆಯೇ ಒಂದು ಗಾಜಿನ ಚೌಕಟ್ಟು ನಿಲ್ಲಿಸಿ. ಎರಡರ ನಡುವೆ 100 ಮಿಲಿಮೀಟರ್ ಅಥವಾ ಜಾಸ್ತಿ ಅಂತರ ಇದ್ದರೆ ಬೀದಿಯ ಶಬ್ದ ತಡೆಯುವುದರಲ್ಲಿ ಇದು ಸಾಮಾನ್ಯ ಜೋಡಿ ಗಾಜನ್ನು ಮೀರಿಸುತ್ತದೆ. ನಾಲ್ಕು ತಿರುಪು ಬಿಚ್ಚಿದರೆ ಹೊರಗೆ. ನನ್ನ ಆಯ್ಕೆ ಯಾವಾಗಲೂ ಇದೇ. ಹೊಸ ಕಿಟಕಿ ಹಾಕಬೇಕಾದ್ದು ಹಳೆಯದು ಈಗಾಗಲೇ ಹೋಗಿ, ಹಿಂದಿನವರು ಕೆಟ್ಟದೊಂದನ್ನು ಕೂರಿಸಿದ್ದಾಗ. ಅಲ್ಲಿ ಧಾರಾಳವಾಗಿ ಹಾಕಿ.

ಬಾಗಿಲಿನ ಬಗ್ಗೆ ಒಂದೇ ಮಾತು. ಎಲ್ಲಾ ಹಳೇ ಮರವೂ ತೋರಿಸಲಿ ಅಂತ ಇದ್ದದ್ದಲ್ಲ. ಮೆದು ಮರದ ಬಾಗಿಲನ್ನು ಬಣ್ಣ ಬಳಿಯಲೆಂದೇ ಮಾಡುತ್ತಿದ್ದರು. ಕ್ಷಾರದ ತೊಟ್ಟಿಯಲ್ಲಿ ಅದ್ದಿ ಬಣ್ಣ ತೆಗೆದರೆ ತುಂಡುಗಳನ್ನು ಹಿಡಿದಿಟ್ಟ ಪ್ರಾಣಿಜನ್ಯ ಅಂಟು ಕರಗಿ, ಮರದ ಜೋಡಣೆಗಳು ಸಡಿಲವಾಗುತ್ತವೆ. ಎಚ್ಚರಿಕೆ ಇನ್ನೂ ಒಂದಿದೆ: ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಅಮೆರಿಕ ಮನೆ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಬೆಂಕಿ ಹಿಡಿದು ಸುಡಬೇಡಿ, ಮಕ್ಕಳು ಮನೆಯಲ್ಲಿದ್ದರೆ ಪರೀಕ್ಷೆ ಮಾಡಿಸದೆ ಮುಟ್ಟಲೇಬೇಡಿ. ಹಳೇ ವಿನೈಲ್ ಬಿಲ್ಲೆ, ಕೊಳವೆಗೆ ಸುತ್ತಿದ ಹೊದಿಕೆಯಲ್ಲಿ ಕಲ್ನಾರು ಇರಬಹುದು, ಅದಕ್ಕೂ ಇದೇ ಮಾತು.

ನಡುಗೋಡೆ ತೆಗೆಯಬೇಕಾ?

ಬೆಳಕು ಬೇಕು, ಅಡುಗೆ ಮಾಡುತ್ತಾ ಮಕ್ಕಳನ್ನು ನೋಡಬೇಕು. ಒಪ್ಪಿದೆ. ಆದರೆ ಗೋಡೆ ಹೋದರೆ ಹೋಗುವುದು ಇಟ್ಟಿಗೆ ಮಾತ್ರ ಅಲ್ಲ. ಕೋಣೆಯ ಅಳತೆ ಹೋಗುತ್ತದೆ. ನಾಲ್ಕು ಗೋಡೆಗೆ ತಕ್ಕ ಎತ್ತರ ಇದ್ದ ಚಾವಣಿ, ನಡುಗೋಡೆ ಇಲ್ಲದ ಹಾಲಿನಲ್ಲಿ ಇದ್ದಕ್ಕಿದ್ದಂತೆ ತಗ್ಗು ಅನ್ನಿಸುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಬೆಳಕು ಬದಲಾಗುತ್ತಿತ್ತಲ್ಲ, ಅದೂ ಹೋಗುತ್ತದೆ.

ಇಲ್ಲಿ ಮೂರು ಹಂತ ಇದೆ. ಮೊದಲನೆಯದು, ಇರುವ ಬಾಗಿಲನ್ನೇ ಅಗಲ ಮಾಡುವುದು ಅಥವಾ ಗಾಜಿನ ಬಾಗಿಲು ಹಾಕುವುದು. ಎಷ್ಟೋ ಮನೆಗೆ ಇಷ್ಟೇ ಸಾಕಾಗುತ್ತದೆ. ಎರಡನೆಯದು, ದೊಡ್ಡದಾಗಿ ತೆರೆಯುವುದು, ಆದರೆ ಎರಡು ಬದಿಯಲ್ಲಿ ಗೋಡೆಯ ಮೋಟು, ಮೇಲೆ ಚಾವಣಿಯಿಂದ ಕೆಳಕ್ಕೆ ಇಳಿದ ತೊಲೆಯ ಭಾಗ ಉಳಿಸಿಕೊಳ್ಳುವುದು. ಆಗ ಕಣ್ಣಿಗೆ ಎರಡು ಕೋಣೆ ಇದ್ದದ್ದು ಗೊತ್ತಾಗುತ್ತದೆ. ಚಾವಣಿಯ ಅಂಚುಪಟ್ಟಿ ತುಂಡಾಗುವುದಿಲ್ಲ. ಬೇಕಾದರೆ ನಾಳೆ ಯಾರಾದರೂ ಮತ್ತೆ ಮುಚ್ಚಬಹುದು. ಮೂರನೆಯದು, ಗೋಡೆಯಿಂದ ಗೋಡೆಗೆ ಪೂರ್ತಿ ತೆಗೆಯುವುದು. ಅದಕ್ಕೆ ನನ್ನ ಮತ ಇಲ್ಲ.

ಯಾವ ಹಂತವಾದರೂ ಎಂಜಿನಿಯರ್ ನೋಡದೆ ಸುತ್ತಿಗೆ ಎತ್ತಬೇಡಿ. ಹಳೇ ಮನೆಯಲ್ಲಿ "ಇದು ಭಾರ ಹೊರುವ ಗೋಡೆ ಅಲ್ಲ" ಅನ್ನುವ ಮಾತನ್ನು ನಂಬುವುದು ಕಷ್ಟ. ಕಟ್ಟಿದಾಗ ಬರೀ ಅಡ್ಡಗೋಡೆ ಆಗಿದ್ದದ್ದರ ಮೇಲೆ, ಮೇಲಿನ ತೊಲೆಗಳು ವರ್ಷಗಳಲ್ಲಿ ಬಾಗಿ ಬಂದು ಕೂತಿರುತ್ತವೆ.

ಅಡುಗೆಮನೆ, ಬಚ್ಚಲು, ವೈರು

ಇವನ್ನು ಹೊಸದಾಗಿ ಮಾಡಿ, ಅಂಜಬೇಡಿ. ಇಲ್ಲಿ ಹಳೆಯದನ್ನು ನಟಿಸುವ ಅಗತ್ಯ ಇಲ್ಲ. ಬಟ್ಟೆ ಸುತ್ತಿದ ಹಳೇ ವೈರು ಯಾವ ಕಾರಣಕ್ಕೂ ಉಳಿಯಬಾರದು. ನೋಡಿಕೊಳ್ಳಬೇಕಾದ್ದು ಜಾಗ ಮಾತ್ರ. ಹೊಸ ಬಚ್ಚಲನ್ನು ಒಳ್ಳೇ ಕೋಣೆಯ ಮೂಲೆಯಲ್ಲಿ ತುರುಕುವ ಬದಲು, ಹಿಂದೆಯೇ ಬದಲಾಗಿ ಹೋದ ಭಾಗದಲ್ಲಿ ಮಾಡಿ. ಕೊಳವೆಗಳನ್ನು ಬಳಸದ ಹೊಗೆಗೂಡಿನೊಳಗೆ, ಗೋಡೆ ಬೀರುವಿನೊಳಗೆ ಇಳಿಸಬಹುದು. ಕೊಳಾಯಿಯವರು ಜಂತಿ ಕಚ್ಚು ಹೊಡೆಯುವುದನ್ನು ಮಾತ್ರ ಕಾವಲು ಕಾಯಿರಿ: ಜಂತಿಯ ನಡುಭಾಗದ ಕೆಳಅಂಚು ಎಳೆತ ಹೊರುವ ಜಾಗ, ಅಲ್ಲಿ ಕತ್ತರಿಸಬಾರದು.

ಮರದ ನೆಲಕ್ಕೆ ಯಂತ್ರ ಹಾಕಿ ಉಜ್ಜುವ ಮೊದಲು ಬರೀ ತೊಳೆದು, ಎಣ್ಣೆ ಅಥವಾ ಮೇಣ ಹಚ್ಚಿ ನೋಡಿ. ಪ್ರತಿ ಉಜ್ಜಿಗೂ ಮರ ತೆಳುವಾಗುತ್ತದೆ. ಕಾಲ್ನಡೆಯ ಸವೆತವನ್ನು ಹೊಸದಾಗಿ ತಯಾರಿಸಲು ಆಗುವುದಿಲ್ಲ.

ಜಾಗ ಸಾಲದಿದ್ದರೆ

ಮೇಲೆ ಕಟ್ಟುವುದಾ, ಹಿಂದೆ ಕಟ್ಟುವುದಾ? ಹಿಂದೆ. ಮೇಲಿನ ಮಹಡಿ ಹಳೇ ಗೋಡೆಗೆ, ಹಳೇ ತಳಪಾಯಕ್ಕೆ ಹೊಸ ಭಾರ ಹೇರುತ್ತದೆ, ಮನೆಯ ಆಕಾರವನ್ನೂ ಬದಲಿಸುತ್ತದೆ. ಹಿಂದಿನ ಸೇರ್ಪಡೆ ಮೂಲ ಚಾವಣಿಗಿಂತ ತಗ್ಗಿರಲಿ. ಹಳೇ ಗೋಡೆಯನ್ನು ಆದಷ್ಟು ಕಡಿಮೆ ಜಾಗದಲ್ಲಿ ಮುಟ್ಟಲಿ, ಒಂದು ಕಿರಿದಾದ ಕೊಂಡಿಯ ಮೂಲಕ. ಇರುವ ಕಿಟಕಿ, ಬಾಗಿಲಿನ ತೆರಪನ್ನೇ ದಾರಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಅದು ಹಳೆಯದರಂತೆಯೇ ಕಾಣಬೇಕಾ, ಬೇರೆಯಾಗಿ ಕಾಣಬೇಕಾ ಅನ್ನುವ ಜಗಳ ಎಲ್ಲ ಮನೆಯಲ್ಲೂ ನಡೆಯುತ್ತದೆ. ತದ್ರೂಪು ಕಟ್ಟಿದರೆ ಮುಂದಿನವರಿಗೆ ಯಾವುದು ಮೂಲ ಅಂತ ಗೊತ್ತಾಗುವುದಿಲ್ಲ. ಪೂರ್ತಿ ಬೇರೆ ಕಟ್ಟಿದರೆ ಕಿರಿಚಾಡುತ್ತದೆ. ಅಳತೆ, ಎತ್ತರ, ವಸ್ತು ಹೊಂದಲಿ, ವಿವರ ಮಾತ್ರ ಇವತ್ತಿನದಾಗಿರಲಿ ಅನ್ನುವುದು ಈಗ ಬಹುತೇಕ ಕಡೆ ಒಪ್ಪಿದ ಮಾತು. ಕಿರಿಚಾಡಿಯೂ ಗೆದ್ದವರಿದ್ದಾರೆ. ವಾಸ್ತುಶಿಲ್ಪಿ ಫ್ರಾಂಕ್ ಗೆರಿ 1978ರಲ್ಲಿ ಅಮೆರಿಕದ ಸಾಂಟಾ ಮೋನಿಕಾದ ತಮ್ಮ ಹಳೇ ಮನೆಯ ಸುತ್ತ ತಗಡು, ತಂತಿ ಜಾಲರಿ, ಪ್ಲೈವುಡ್ ಸುತ್ತಿದರು. ಒಳಗೆ ಹಳೇ ಮನೆ ಹಾಗೇ ಕಾಣುತ್ತಿತ್ತು. ಅಕ್ಕಪಕ್ಕದವರು ಸಿಟ್ಟಾದರು, ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ನನ್ನ ತಕರಾರು ತಗಡಿನ ಬಗ್ಗೆ ಅಲ್ಲ, ಅದನ್ನು ಬಿಚ್ಚಬಹುದು. ಒಳಗೆ ಮರದ ಹಂದರ ಕಾಣಲಿ ಅಂತ ಕೆಲವೆಡೆ ಗಾರೆ ಕಿತ್ತರಲ್ಲ, ಅದರ ಬಗ್ಗೆ.

ಕೆಲಸ ಶುರು ಮಾಡುವ ಮುನ್ನ

ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ, ನಿಯಮ ಒಂದೊಂದು ಕಡೆ ಒಂದೊಂದು ಥರ. ಬ್ರಿಟನ್ನಿನಲ್ಲಿ ಸರ್ಕಾರದ ಐತಿಹಾಸಿಕ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಯ ಒಳಭಾಗಕ್ಕೂ ಕಾನೂನಿನ ರಕ್ಷಣೆ ಇದೆ. ಅಮೆರಿಕದಲ್ಲಿ ಅಂಥದ್ದೇ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸ್ವಂತ ದುಡ್ಡಿನಲ್ಲಿ ಬದಲಿಸುವ ಮಾಲೀಕರನ್ನು ತಡೆಯುವುದಿಲ್ಲ, ಊರಿನ ಸ್ಥಳೀಯ ನಿಯಮ ತಡೆಯಬಹುದು.

ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿಯ ಫೋಟೊ ತೆಗೆಯಿರಿ. ಸಾಧ್ಯವಾದರೆ ಎಲ್ಲಾ ಕಾಲ ಒಮ್ಮೆ ಕಳೆಯುವವರೆಗೆ ಮನೆಯಲ್ಲಿ ಸುಮ್ನೆ ಇದ್ದು ನೋಡಿ. ತೆಗೆಯಲೇಬೇಕು ಅಂದುಕೊಂಡಿದ್ದ ಗೋಡೆ ಎಷ್ಟೋ ಸಲ ಬೇಸಿಗೆಯಲ್ಲಿ ತನ್ನ ಕಾರಣ ಹೇಳುತ್ತದೆ. ಬಿಚ್ಚಿದ ಕದ, ಚಿಲಕ, ಪಟ್ಟಿ, ಬಿಲ್ಲೆಗಳ ಹಿಂದೆ ಯಾವ ಕೋಣೆಯದು ಅಂತ ಪೆನ್ಸಿಲಿನಲ್ಲಿ ಬರೆದು ಅಟ್ಟದ ಮೇಲಿಡಿ. ನಿಮಗೆ ಬೇಡದಿದ್ದರೂ ಮುಂದಿನವರಿಗೆ ಬೇಕಾಗುತ್ತದೆ.

ಗಾರೆ ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಷರತ್ತು ಇಡಿ. ಹಿಂದಿನ ಗೋಡೆಯಲ್ಲಿ, ಮಳೆ ಹೊಡೆಯುವ ಬದಿಯಲ್ಲಿ, ಒಂದು ಚದರ ಮೀಟರ್ ಮಾತ್ರ ಮಾಡಿ ತೋರಿಸಲಿ. ಹಳೇ ಸಂದು ಕೆರೆಯಲು ಯಂತ್ರದ ಚಕ್ರ ಬಳಸುತ್ತಾರಾ ಕೈ ಉಳಿ ಬಳಸುತ್ತಾರಾ, ಇಟ್ಟಿಗೆಯ ಅಂಚಿಗೆ ಗೀರು ಬಿತ್ತಾ, ಬುಟ್ಟಿಯಲ್ಲಿ ಏನೇನು ಕಲಸಿದರು ಅಂತ ಪಕ್ಕದಲ್ಲೇ ನಿಂತು ನೋಡಿ. ಒಂದು ಮಳೆಗಾಲ ಕಳೆಯಲಿ. ಆ ತುಂಡು ಗೋಡೆ ಉಳಿದದ್ದರ ಜೊತೆಯೇ ಆರಿದರೆ ಮುಂಗಡ ಕೊಡಿ.